ಅಜ್ಜ ಮತ್ತು ದೇವಮಾಸಾದ ಹಾಲು

ಆಗ ನಮ್ಮೂರು ಸತ್ತಿಯಲ್ಲಿ ಯಾರ ಮಾತನ್ನೂ ಯಾರೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ನಂಬಲಿಲ್ಲವೆಂದು ಯಾರೂ ಸಿಟ್ಟೂ ಮಾಡಿಕೊಳ್ಳುತ್ತಿರಲಿಲ್ಲ. ಕೃಷ್ಣೆಗೆ ನೀರು ಬಿಟ್ಟಾರಂತ ಎಂದರೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ದಂಡೆಯ ತನಕ ಹೋಗಿ ನೋಡಿ ಬರುತ್ತಿದ್ದರು. ಇಂಥವರ ಎಮ್ಮೆ ಅವಳಿ ಕರು ಹಾಕಿದೆ ಎಂದರೆ ಆ ಓಣಿಗೆ ಹೋಗಿ ಎರಡೂ ಕರುಗಳ ಬೆನ್ನು ಸವರಿ ಬರುತ್ತಿದ್ದರು. ಗುಂಡಿ ಒತ್ತುವ ಮೊಬೈಲು ಊರಿಗೆ ಆಗಷ್ಟೇ ಬಂದಿತ್ತು. ಅದರಲ್ಲಿ ಹಲೋ ಅಂದವರು ಖರೇನೇ ಅವರೇ ಹೌದೋ ಅಲ್ಲವೋ ಎಂದು ನಮ್ಮ ಅಜ್ಜ ಮೊದಲು ಅವರ ಅಪ್ಪನ ಹೆಸರು ಕೇಳುತ್ತಿದ್ದ. ಆಮೇಲೆ ಮಾತು.

ನಮಗೆ ದ್ರಾಕ್ಷಿಯ ತೋಟವಿತ್ತು, ಹಿತ್ತಲಲ್ಲಿ ಎಮ್ಮೆಗಳಿದ್ದವು. ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡುವ ಹಂಗಾಮು. ಗೊನೆಗಳನ್ನು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಉದ್ದಕ್ಕೂ ಹಂತ ಹಂತವಾಗಿ ಕಟ್ಟಿದ ಬಲೆಗಳ ಮೇಲೆ ಹರಡಿ ಒಣಗಿಸುತ್ತಿದ್ದರು. ಅರ್ಧ ಒಣಗಿದ ದ್ರಾಕ್ಷಿಗೆ ಇರುವ ರುಚಿ ಪೂರ್ತಿ ಒಣಗಿದ್ದಕ್ಕಿಲ್ಲ. ಒಳಗಿನ್ನೂ ರಸ, ಹೊರಗೆ ಅಂಟು ಅಂಟು ಸಿಪ್ಪೆ. ಅದನ್ನು ತಿಂದು ತಿಂದು ನಮ್ಮ ಕೈ ಪುಸ್ತಕಕ್ಕೆ ಅಂಟಿಕೊಳ್ಳುತ್ತಿತ್ತು. ಆ ಹಂಗಾಮಿನಲ್ಲಿ ನನಗೊಂದು ಕೆಲಸವಿತ್ತು. ಬಲೆಯ ಸಾಲಿನ ನಡುವೆ ಮೂಗು ಮುಂದೆ ಮಾಡಿಕೊಂಡು ನಡೆಯುವುದು. ಎಲ್ಲಿಯಾದರೂ ಹುಳಿ ವಾಸನೆ ಬಂದರೆ ನಿಂತು ಕೂಗುವುದು. ದೊಡ್ಡವರಿಗೆ ಗೊತ್ತಾಗುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಅಜ್ಜ ಜಗತ್ತಿನಲ್ಲಿ ನಂಬುತ್ತಿದ್ದದ್ದು ಎರಡನ್ನೇ, ತನ್ನ ಕಣ್ಣು ಮತ್ತು ನನ್ನ ಮೂಗು.

ಅಜ್ಜನ ಅನುಮಾನಕ್ಕೆ ಒಂದು ರೀತಿ ಇತ್ತು. ಎಮ್ಮೆ ಕೊಳ್ಳಲು ಹೋದಾಗ ಮೊದಲು ಸುಮ್ಮನೆ ಅದರ ಮೈಮೇಲೆ ಕೈಯಾಡಿಸುವನು. ಕೆಚ್ಚಲು ಮುಟ್ಟಿ ಎಲ್ಲಿ ಏನು ಕುಂದಿದೆ ಎಂದು ತಿಳಿದುಕೊಳ್ಳುವನು. ತಿಳಿದ ಮೇಲೆ ಬೈಯುವುದಿಲ್ಲ, ಹೊಗಳುವನು. ಒಂದು ಮೊಲೆ ಬತ್ತಿದ ಎಮ್ಮೆಯ ಮುಂದೆ ನಿಂತು, "ಭೇಷ್, ನಾಲ್ಕೂ ಮೊಲಿ ಹೆಂಗ ತುಂಬ್ಯಾವ ನೋಡ! ನಾಲ್ಕೂ ಬರತಾವಲ್ಲಪಾ?" ಎನ್ನುವನು. ಮಾರುವವ ಖುಷಿಯಾಗಿ, "ನಾಲ್ಕೂ ಬರತಾವ್ರಿ, ಹಾಲಿನ ಹೊಳಿ ಐತ್ರಿ ಇದು" ಎಂದನೋ, ಅಜ್ಜ ಟವೆಲ್ಲು ಝಾಡಿಸಿ ಹೆಗಲಿಗೆ ಹಾಕಿಕೊಂಡು ನಡೆದೇಬಿಡುತ್ತಿದ್ದ. ಒಮ್ಮೆ ಪಾಲಬಾವಿ ಕಡೆಯ ಒಬ್ಬ ರೈತ ಮಾತ್ರ, "ಇಲ್ರಿ ಯಜಮಾನ್ರ, ಹಿಂದಿಂದೊಂದು ಬತ್ತೈತಿ, ನೋಡಕೋರಿ" ಎಂದ. ಅಜ್ಜ ಅದೇ ಎಮ್ಮೆಯನ್ನು ಹೊಡೆದುಕೊಂಡು ಬಂದ. ಆಯಿ, ಅಂದರೆ ನನ್ನ ಅಜ್ಜಿ, "ಕುಂದ ಇದ್ದಿದ್ದನ್ನ ಹುಡಿಕಿ ತಂದಾನ" ಎಂದು ಹಣೆ ಬಡಿದುಕೊಂಡಳು.

"ಕುಂದ ಇದ್ದ ಎಮ್ಮಿ ಸಾಕಬಹುದು. ಸುಳ್ಳ ಹೇಳಾವನ ಎಮ್ಮಿ ಸಾಕಾಕ ಆಗೂದಿಲ್ಲ" ಎಂದ ಅಜ್ಜ. ಆ ಎಮ್ಮೆಗೆ ಕರೆವ್ವ ಎಂದು ಹೆಸರಿಟ್ಟ. ಮುಂದೆ ಒಂದು ಮಹಾಪೂರದಲ್ಲಿ ಹೊಳೆಗೆ ಇಳಿದ ಕರೆವ್ವ ಮುಳುಗಿದ್ದು ಮೇಲೆ ಬರಲೇ ಇಲ್ಲ. ದಂಡೆಯ ಮೇಲೆ ಅದರ ಕರು ಒದರುತ್ತಿತ್ತು. ಅಜ್ಜ ಅದರ ಕೊರಳು ತಬ್ಬಿಕೊಂಡು ಕೂತಿದ್ದನ್ನು ನಾನು ನೋಡಿದ್ದೇನೆ. ಆ ಮಾತನ್ನು ಅವನು ಮನೆಯಲ್ಲಿ ಯಾರಿಗೂ ಎತ್ತಗೊಡುತ್ತಿರಲಿಲ್ಲ.

ನಾನು ಹೇಳಹೊರಟಿರುವ ಹಂಗಾಮಿನಲ್ಲಿ ನನ್ನ ಸೋದರತ್ತೆ ಸುಮಿತ್ರಾಳಿಗೆ ಗಂಡು ನೋಡುತ್ತಿದ್ದರು. ಅಜ್ಜನ ಕೊನೆಯ ಮಗಳು ಅವಳು, ನಮಗೆಲ್ಲ ಸುಮ್ಮತ್ತಿ. ಒಳ್ಳೆಯ ಸಂಬಂಧಗಳು ಬರುತ್ತಿದ್ದವು, ಅಜ್ಜ ಒಂದೊಂದನ್ನೂ ಕೆಡವುತ್ತಿದ್ದ. ಒಬ್ಬ ಸಕ್ಕರೆ ಕಾರ್ಖಾನೆಯಲ್ಲಿ ಕಾಯಂ ನೌಕರ ಎಂದಿದ್ದರು. ಅಜ್ಜ ಹೇಳದೆ ಕೇಳದೆ ಹೋಗಿ ನೋಡಿದರೆ ಅವನು ಕಾರ್ಖಾನೆಯ ಎದುರಿನ ಚಹಾದಂಗಡಿಯಲ್ಲಿ ಇಸ್ಪೀಟು ಆಡುವ ಕಾಯಂ ಗಿರಾಕಿ! ಹಾಗಾಗಿ ಅಜ್ಜನ ಅನುಮಾನ ತಪ್ಪು ಅನ್ನುವಂತೆಯೂ ಇರಲಿಲ್ಲ. ಆದರೆ ಸುಮ್ಮತ್ತಿ ಬೇಸತ್ತಿದ್ದಳು. ಬಲೆಯಿಂದ ಮಣೂಕ ಉದುರಿಸುತ್ತ ನನಗೆ, "ನಿಮ್ಮ ಅಜ್ಜ ನನಗ ಗಂಡ ಹುಡಕಾಕತ್ತಿಲ್ಲ ಪಾರಿ, ಕಳ್ಳರನ್ನ ಹುಡಕಾಕತ್ತಾನ" ಎನ್ನುತ್ತಿದ್ದಳು.

ಆಗ ಬಂದವನೇ ಮಹಾದೇವ. ಪಾಲಬಾವಿಯ ಹುಡುಗ. ಮೊದಲು ಮಣೂಕ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಮಿಷಿನ್ನು ರಿಪೇರಿ ಮಾಡುತ್ತಿದ್ದನಂತೆ, ಈಗ ಕೊಂಕಣದಲ್ಲಿ, ದೇವಗಡದ ಆಚೆಯ ಒಂದು ಸಣ್ಣ ಬಂದರಿನಲ್ಲಿ, ಬರ್ಫದ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯ ಮೆಕ್ಯಾನಿಕ್ಕು. ಮೀನು ಕೆಡದಂತೆ ದೋಣಿಗಳಿಗೆ ಬರ್ಫ ಕೊಡುವ ಕಾರ್ಖಾನೆ. ಅಷ್ಟು ಕೇಳಿದ್ದೇ ತಡ, ಅಜ್ಜನ ಹುಬ್ಬು ಮೇಲೆ ಹೋಯಿತು. ಮೀನು ಮುಟ್ಟದ ಮನೆತನ ನಮ್ಮದು.

ಕನ್ಯಾ ನೋಡಲು ಅವರು ಬಂದ ದಿನ ಚೂಡಾ, ಚಹಾ ಆಯಿತು. ಪದ್ಧತಿಯಂತೆ ಕೊನೆಗೊಮ್ಮೆ, "ಹುಡುಗಿಗೆ ಏನರ ಕೇಳೂದಿದ್ರ ಕೇಳಲಿ" ಎಂದರು. ಹುಡುಗಿಯರು ತಲೆ ತಗ್ಗಿಸಿ ಇಲ್ಲ ಅನ್ನುವುದೂ ಪದ್ಧತಿಯೇ. ಸುಮ್ಮತ್ತಿ ತಲೆ ತಗ್ಗಿಸಿಯೇ ಕೇಳಿಬಿಟ್ಟಳು:

"ಸಮುದ್ರದಾಗ ಏನೇನ ನೋಡೀರಿ?"

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಸ್ವಲ್ಪ ವಿಚಾರ ಮಾಡಿ, "ದೇವಮಾಸಾ ನೋಡೀನ್ರಿ" ಎಂದ. ತಿಮಿಂಗಿಲಕ್ಕೆ ಆ ಕಡೆಯವರು ದೇವಮಾಸಾ ಎನ್ನುತ್ತಾರೆ. "ಕಾರ್ಖಾನಿ ಹಿಂದಿನ ಬಂಡಿಗಲ್ಲ ಮ್ಯಾಲ ನಿಂತ್ರ ಕಾಣತೈತ್ರಿ. ಕಬ್ಬು ತುಂಬಿದ ಟ್ರಾಲಿಗಿಂತ ಉದ್ದ ಇರತೈತಿ. ಮೀನಿನಂಗ ಅದು ನೀರಾಗ ಉಸಿರ ತಗೊಳ್ಳೂದಿಲ್ರಿ, ಮ್ಯಾಲ ಬಂದು ನಮ್ಮಂಗ ಗಾಳಿ ತಗೋತೈತಿ. ಉಸಿರ ಬಿಟ್ರ ಬೇವಿನ ಗಿಡದಷ್ಟ ಎತ್ತರ ಹೊಗಿ ಏಳತೈತಿ. ಬಾಯಾಗ ಹಲ್ಲಿಲ್ಲಂತ, ಜರಡಿ ಐತಂತ. ಬಾಯಿ ತುಂಬ ಸಮುದ್ರದ ನೀರ ತಗೊಂಡು, ಸಣ್ಣ ಮೀನ ಸೋಸಿ ತಿಂತೈತಂತ. ಮರಿಗೆ ಹಾಲ ಕುಡಸತೈತಿ ಅಂತ ಅಲ್ಲಿ ಮಂದಿ ಹೇಳತಾರ. ಅದನ್ನ ನಾ ನೋಡಿಲ್ಲ."

ಮಾತಿನ ನಡುವೆ ತನ್ನ ಮೊಬೈಲು ತೆಗೆದು ಒಂದು ಫೋಟೋ ತೋರಿಸಿದ. ಬೂದಿ ಬಣ್ಣದ ನೀರು, ನಡುವೆ ಒಂದು ಕಪ್ಪು ಗೆರೆ. ಅಜ್ಜ ಅದನ್ನು ಕಣ್ಣಿಗೆ ಹತ್ತಿರ ಹಿಡಿದ, ದೂರ ಹಿಡಿದ.

"ಇದು ಎಮ್ಮಿ ಬೆನ್ನು. ನಮ್ಮ ಹೊಳ್ಯಾಗ ದಿನಾ ಕಾಣತಾವ ಇಂಥಾವು."

ಅವರು ಹೋದ ಮೇಲೆ ಅಜ್ಜ ತೀರ್ಪು ಕೊಟ್ಟ: "ಹುಡುಗ ಸುಳ್ಳ. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೂ ಪೈಕಿ ಅಲ್ಲ ನಾವು. ಮೀನ ಹಾಲ ಕೊಡತೈತಂತ! ಇಂದ ಮೀನಿಗೆ ಮೊಲಿ ಹಚ್ಚಿದಾಂವ ನಾಳೆ ನನ್ನ ಮಗಳಿಗೆ ಏನೇನ ಹೇಳತಾನೋ."

"ಅದನ್ನ ನಾ ನೋಡಿಲ್ಲ ಅಂದಾನಲ್ಲಪಾ" ಎಂದಳು ಸುಮ್ಮತ್ತಿ ಬಾಗಿಲ ಹಿಂದಿನಿಂದ.

ಅವಳು ಯಾವ ಗಂಡಿನ ಪರವಾಗಿಯೂ ಹಿಂದೆ ಬಾಯಿ ಬಿಟ್ಟವಳಲ್ಲ. ಈಗ ಹೊರಗೇ ಬಂದು ನಿಂತಳು. "ಕೇಳಿದಾಕಿ ನಾನು. ಅಂವ ಹೇಳಿದ್ದು ನನಗ. ಸುಳ್ಳ ಹೇಳಿದ್ರ ನಾನ ಒಲ್ಲೆ ಅಂತೀನಿ, ನೀ ಅನ್ನೂದ ಬ್ಯಾಡ. ಆದ್ರ ಹೋಗಿ ನೋಡಿ ಬಾ. ಇಲ್ಲಿ ಕುಂತ ಸುಳ್ಳ ಅನಬ್ಯಾಡ." ಅವಳ ಕಣ್ಣು ತುಂಬಿದ್ದವು. ಈ ಗಂಡೂ ತಪ್ಪಿದರೆ ಇವಳು ಇನ್ನು ಯಾರ ಮುಂದೆಯೂ ಚಹಾದ ತಾಟು ಹಿಡಿದು ಬರಲಿಕ್ಕಿಲ್ಲ ಎಂದು ನನಗೂ ತಿಳಿಯಿತು.

ಅಜ್ಜ ಆಗಲಿ ಎಂದ. ಹೇಳದೆ ಕೇಳದೆ ಹೋಗುವುದು ಅವನ ನೇಮ. ಜೊತೆಗೆ ನನ್ನನ್ನು ಕರೆದುಕೊಂಡ. "ಇಕಿ ಮೂಗು ಬೇಕು. ಅಂವನ ಅಡಗಿ ಮನ್ಯಾಗ ಮೀನಿನ ವಾಸನಿ ಐತೋ ಇಲ್ಲೋ, ಇಕಿ ಹೇಳತಾಳ." ಹೊರಡುವ ಮೊದಲು ಸುಮ್ಮತ್ತಿ ನನ್ನ ಜಡೆ ಹೆಣೆಯುತ್ತ ಕಿವಿಯಲ್ಲಿ, "ಇದ್ದದ್ದ ಇದ್ದಂಗ ಹೇಳ ಪಾರಿ. ನನ್ನ ಸಲುವಾಗಿ ಒಂದ ಅಕ್ಷರಾನೂ ಕೂಡಸಬ್ಯಾಡ" ಎಂದಳು.

ಅಥಣಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ನಿಪ್ಪಾಣಿ. ನಿಪ್ಪಾಣಿಯಲ್ಲಿ ಇಳಿದಾಗ ತಂಬಾಕಿನ ಘಾಟಿಗೆ ನನಗೆ ಸೀನೋ ಸೀನು. ಅಜ್ಜ ಗಾಬರಿಯಾಗಿ ನನ್ನ ಮೂಗಿಗೆ ತನ್ನ ಟವೆಲ್ಲು ಒತ್ತಿ ಹಿಡಿದ, "ಮೂಗ ಕೆಡಿಸಿಕೋಬ್ಯಾಡವ್ವಾ, ಇನ್ನ ಕೆಲಸ ಐತಿ" ಎಂದು. ಚಹಾದಂಗಡಿಯಲ್ಲಿ ಕೊಂಕಣಕ್ಕೆ ಹೋಗಿ ಬರುವ ಲಾರಿ ಡ್ರೈವರ್ ಒಬ್ಬ ಸಿಕ್ಕ. ಅಜ್ಜ ಮರಾಠಿಯಲ್ಲಿ ಅವನನ್ನು ದೇವಮಾಸಾದ ಬಗ್ಗೆ ಕೇಳಿದ. ತಾನು ನೋಡಿಲ್ಲ, ತನ್ನ ಮೇವಣಾ, ಅಂದರೆ ಹೆಂಡತಿಯ ತಮ್ಮ, ನೋಡಿದ್ದಾನೆ ಎಂದ ಅವನು. "ನೋಡಿದಿ?" ಎಂದು ಅಜ್ಜ ನನ್ನ ಕಡೆ ತಿರುಗಿದ. "ಎಲ್ಲಾರೂ ಮತ್ತೊಬ್ಬರು ನೋಡ್ಯಾರ ಅನ್ನಾವ್ರ. ದೆವ್ವದ ಕತಿನೂ ಹಿಂಗ ಇರತಾವ."

ಮುಂದೆ ಕೆಂಪು ಎಸ್.ಟಿ. ಬಸ್ಸು, ಫೋಂಡಾ ಘಾಟಿನ ತಿರುವುಗಳು, ಕೈಯಲ್ಲಿ ನಿಂಬೆಹಣ್ಣು. ಬಂದರಿನಲ್ಲಿ ಇಳಿದಾಗ ಮರುದಿನದ ಬೆಳಗು. ಮೊದಲ ಬಾರಿ ಸಮುದ್ರ ಕಂಡ ಅಜ್ಜ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದ. ಆಮೇಲೆ, "ಇಷ್ಟ ನೀರೈತಿ, ಒಂದ ಎಮ್ಮಿ ಇಲ್ಲಲ್ಲ!" ಎಂದ. ಧೋತರ ಎತ್ತಿಕೊಂಡು ಅಲೆಯ ಹತ್ತಿರ ಹೋಗಿ, ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡ. ಉಗುಳಿದ. "ಉಪ್ಪು ಅಂತಿದ್ರು. ಖರೇ ಐತಿ." ಹೀಗೆ ಒಂದು ಮಾತು ಬಗೆಹರಿಯಿತು.

ಬರ್ಫದ ಕಾರ್ಖಾನೆ ಹುಡುಕುವುದು ಕಷ್ಟವಾಗಲಿಲ್ಲ. ಮೂಗು ಸುಡುವ ಅಮೋನಿಯಾದ ವಾಸನೆ ಹಿಡಿದು ನಾನೇ ಮುಂದೆ ನಡೆದೆ. ಮಹಾದೇವ ಎಣ್ಣೆ ಮೆತ್ತಿದ ಬನಿಯನ್ನಿನಲ್ಲಿ ಬರ್ಫದ ಲಾದಿಯೊಂದನ್ನು ಕೊಕ್ಕೆ ಹಾಕಿ ಎಳೆಯುತ್ತಿದ್ದ. ನಮ್ಮನ್ನು ನೋಡಿ ಕೊಕ್ಕೆ ಕೈಯಲ್ಲೇ ಉಳಿಯಿತು.

"ಕಾಕಾರ! ಒಂದ ಫೋನ ಮಾಡಬಾರದಾಗಿತ್ತೇನ್ರಿ?"

"ಫೋನ ಮಾಡಿದ್ರ ನೀ ಮನಿ ಗುಡಿಸಿ ಇಡತಿದ್ದಿ" ಎಂದ ಅಜ್ಜ.

ಅವನ ಖೋಲಿಯನ್ನು ಅಜ್ಜ ನೋಡಿದ, ನಾನು ಮೂಸಿದೆ. ಮೀನಿನ ವಾಸನೆ ಇತ್ತು. ಕಿಟಕಿಯಲ್ಲಿ ಇತ್ತು, ಗೋಡೆಯಲ್ಲಿ ಇತ್ತು, ಹಗ್ಗದ ಮೇಲಿನ ಅಂಗಿಯಲ್ಲೂ ಇತ್ತು. ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದ. ನಾನು ಪಾತ್ರೆಗಳ ಮುಚ್ಚಳ ತೆಗೆದೆ: ಒಂದರಲ್ಲಿ ಕಡಲೆಹಿಟ್ಟಿನ ಜುಣಕ, ಒಂದರಲ್ಲಿ ಬೇಳೆ. ಡಬ್ಬಿಯಲ್ಲಿ ಸುತ್ತಲೂ ಅಂಚು ಒಡೆದ ಜೋಳದ ರೊಟ್ಟಿ. ಹಂಚು ಮೂಸಿದೆ, ಚಮಚ ಮೂಸಿದೆ, ಸುಮ್ಮತ್ತಿ ಹೇಳಿದ್ದು ನೆನಪಾಗಿ ಮತ್ತೊಮ್ಮೆ ಮೂಸಿದೆ. ಕೊನೆಗೆ ಅಂದೆ: "ಗಾಳ್ಯಾಗ ಐತಿ ಅಜ್ಜಾ. ಭಾಂಡೇದಾಗ ಇಲ್ಲ."

"ಈ ಊರಾಗ ಸಕ್ಕರಿ ಡಬ್ಬಿಗೂ ಮೀನಿನ ವಾಸನಿ ಬರತೈತಿ ಪಾರಿ" ಎಂದು ಮಹಾದೇವ ಉಸಿರು ಬಿಟ್ಟ. ಆಮೇಲೆ ಅಜ್ಜನ ಕಡೆ ತಿರುಗಿ, "ಖರೇ ಹೇಳ್ರಿ ಕಾಕಾರ. ನೀವು ನನ್ನ ನೋಡಾಕ ಬಂದೀರೋ, ದೇವಮಾಸಾ ನೋಡಾಕ ಬಂದೀರೋ?"

"ಎರಡೂ ಒಂದ" ಎಂದ ಅಜ್ಜ.

ಕಾರ್ಖಾನೆಯ ಹಿಂದೆ ಕಪ್ಪು ಬಂಡೆಗಳು ಸಮುದ್ರಕ್ಕೆ ಚಾಚಿಕೊಂಡಿದ್ದವು. ಆ ಇಡೀ ದಿನ ಅಜ್ಜ ಅಲ್ಲೇ ಕೂತ. ಮಹಾದೇವ ಕೆಲಸದ ನಡುವೆ ಬಂದು ಬಂದು ಹೋಗುತ್ತಿದ್ದ. ನೀರು, ನೀರು, ದೋಣಿ, ಮತ್ತೆ ನೀರು. ಬಿಸಿಲಿಗೆ ನನ್ನ ಕಣ್ಣು ಉರಿದವು.

"ಬರವಲ್ದಲ್ಲೋ ನಿನ್ನ ದೇವಮಾಸಾ?"

"ಹೊತ್ತಿಗೆ ಮನಿಗೆ ಬರಾಕ ಅದೇನ ಹಿಂಡೂ ಎಮ್ಮೀನ್ರಿ? ತಾರ್ಲಿ ಮೀನ ದಂಡಿಗೆ ಬಂದ್ರ ಅದೂ ಬರತೈತಿ. ಇಲ್ಲಂದ್ರ ಇಲ್ಲ."

ಹೊತ್ತು ಇಳಿಯುತ್ತಿತ್ತು. ಮಹಾದೇವ ಕೈತೊಳೆದು ಬಂದು ನಮ್ಮ ಪಕ್ಕ ಕೂತಿದ್ದ. ಆಗ ಬಂಡೆಗೆ ಹತ್ತಿರದಲ್ಲೇ ನೀರು ಸೀಳಿ ಒಂದು ಬೂದು ಬೆನ್ನು ಮೇಲೆ ಬಂತು, ಹಿಂದೆ ಮತ್ತೊಂದು. ಪುಸ್ಸ್ ಎಂದು ಉಸಿರು ಬಿಟ್ಟು ಮುಳುಗಿದವು, ಮತ್ತೆ ಎದ್ದವು. ನಾನು ಎದ್ದು ನಿಂತು ಕುಣಿದೆ. ಅಜ್ಜ ನಿಧಾನಕ್ಕೆ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದ. ಆಮೇಲೆ ಅವನ ಮುಖ ಅರಳಿತು.

"ಭೇಷ್! ಸಿಕ್ಕಿತು ನೋಡಪಾ! ಇದ ಅಲ್ಲ ನಿನ್ನ ದೇವಮಾಸಾ? ಎಷ್ಟ ದೊಡ್ಡದೈತಿ! ಆತು, ನಾ ಊರಿಗೆ ಹೋಗಿ ಹೌದು, ನೋಡಿ ಬಂದೆ, ಹುಡುಗ ಖರೇ ಅದಾನ ಅಂತ ಹೇಳತೀನಿ. ಅಕ್ಕಿಕಾಳ ಹಾಕೂದ ಒಂದ ಬಾಕಿ."

ನನ್ನ ಕುಣಿತ ನಿಂತಿತು. ಆ 'ಭೇಷ್' ನನಗೆ ಗೊತ್ತಿತ್ತು. ಅವು ನಮ್ಮ ಕರುಗಳಿಗಿಂತ ಸ್ವಲ್ಪ ದೊಡ್ಡವು ಅಷ್ಟೇ. ಕಬ್ಬಿನ ಟ್ರಾಲಿ ಎಲ್ಲಿ, ಇವೆಲ್ಲಿ! ಅಜ್ಜ ಬತ್ತಿದ ಮೊಲೆಯ ಮೇಲೆ ಕೈಯಿಟ್ಟು ಹೊಗಳುತ್ತಿದ್ದ. ಹೌದ್ರಿ ಅಂದರೆ ಸುಮ್ಮತ್ತಿಯ ಕತೆ ಮುಗಿಯಿತು. ನಾನು ಕೆಮ್ಮಿದೆ. ಮಹಾದೇವ ನನ್ನತ್ತ ನೋಡಲಿಲ್ಲ. ಮತ್ತೂ ಜೋರಾಗಿ ಕೆಮ್ಮಿದೆ. ಅಜ್ಜ ನನ್ನ ತೊಡೆ ಚಿವುಟಿದ.

ಮಹಾದೇವ ನೀರನ್ನೇ ನೋಡುತ್ತಿದ್ದ. ಅವನಿಗೂ ಆಸೆ ಇತ್ತು. ಕುತ್ತಿಗೆಯ ನರ ಎದ್ದಿತ್ತು, ಕೈ ಒಂದನ್ನೊಂದು ಹಿಸುಕುತ್ತಿದ್ದವು.

"ಅಲ್ರಿ ಕಾಕಾರ" ಎಂದ ಕೊನೆಗೆ. "ಇವು ಡಾಲ್ಫಿನ್ನ. ಇವೂ ಮ್ಯಾಲ ಬಂದ ಉಸಿರ ತಗೋತಾವ, ಖರೇ. ಆದ್ರ ನಾ ಹೇಳಿದ್ದು ಇವಲ್ಲ."

"ಏ, ಇದ ಇರಬೇಕು ಬಿಡ. ಇಲ್ಲೀತನಕ ಯಾರ ಬಂದು ಅಳತಿ ಹಚ್ಚತಾರ?"

"ನೀವ ಬಂದೀರಲ್ರಿ ಅಳತಿ ಹಚ್ಚಾಕ!" ಮಹಾದೇವನಿಗೆ ಸಿಟ್ಟು ಬಂದಿತ್ತು. "ಕೊಡೂದಿಲ್ಲಂದ್ರ ಕೊಡಬ್ಯಾಡ್ರಿ. ಅಲ್ಲದ್ದನ್ನ ಹೌದು ಅಂತ ಹೆಂಗ ಹೇಳ್ಲಿ? ಆಕಿ ನನ್ನ ಒಂದ ಮಾತ ಕೇಳ್ಯಾಳ. ಅದಕ್ಕ ನಾ ಇದನ್ನ ತೋರಿಸಿ ಕಳಸಲೇನು?"

ಅಜ್ಜ ಸಂಚಿ ಬಿಚ್ಚಿ ಎಲೆ ಅಡಿಕೆ ತೆಗೆದ. ಸುಣ್ಣ ಹಚ್ಚಿದ ಎಲೆಯನ್ನು ತಾನು ಬಾಯಿಗೆ ಹಾಕಿಕೊಳ್ಳದೆ ಮಹಾದೇವನ ಮುಂದೆ ಹಿಡಿದ. ಮಹಾದೇವ ಎಣ್ಣೆಗಪ್ಪು ಉಗುರಿನ ಕೈಯಿಂದ ಅದನ್ನು ತೆಗೆದುಕೊಂಡ. ಅವನು ಮಿಷಿನ್ನು ನೋಡಲು ಒಳಗೆ ಹೋದ ಮೇಲೆ ಅಜ್ಜ ನನ್ನ ಕಿವಿ ಹಿಂಡಿದ, ನೋಯದ ಹಾಗೆ. "ಕೆಮ್ಮತಿ? ಆಂ? ಹಿಂದಿಂದೊಂದು ಬತ್ತೈತಿ ಅಂದ ನೋಡು. ಪಾಲಬಾವಿ ನೀರ ಚಲೋ ಐತಿ."

ಅಲ್ಲಿಗೇ ಊರಿಗೆ ಹೊರಡಬಹುದಿತ್ತು. ಆದರೆ ಬಸ್ಸು ಇದ್ದದ್ದು ಮರುದಿನ. ಬೆಳಿಗ್ಗೆ ನಾವು ಚಹಾ ಕುಡಿಯುತ್ತಿರುವಾಗ ಮಹಾದೇವ ಓಡಿ ಬಂದ. "ಕಾಕಾರ, ಬರ್ರಿ! ಹಕ್ಕಿ ಮುಕರ‍್ಯಾವ, ತಾರ್ಲಿ ಬಂದೈತಿ!"

ಬಂಡೆಯ ಮೇಲೆ ಹತ್ತಿದಾಗ ದೂರದಲ್ಲಿ ಬಿಳಿಯ ಹಕ್ಕಿಗಳು ನೀರಿಗೆ ಬೀಳುತ್ತಿದ್ದವು. ಅವುಗಳ ಕೆಳಗೆ ನೀರು ಕಪ್ಪಾಯಿತು. ಆಮೇಲೆ ಅದು ಎದ್ದಿತು. ಮೊದಲು ಹೊಗೆ, ನೆಟ್ಟಗೆ ಮೇಲಕ್ಕೆ. ಸ್ವಲ್ಪ ತಡೆದು ಸದ್ದು, ಹೂಂಫ್ ಎಂದು, ಎದೆಗೆ ಬಡಿಯುವಂಥದ್ದು. ಆಮೇಲೆ ಬೆನ್ನು. ಅದು ಬರುತ್ತಲೇ ಇತ್ತು, ಮುಗಿಯುತ್ತಲೇ ಇರಲಿಲ್ಲ. ಮುಗಿಯಿತೆಂದುಕೊಂಡಾಗ ಕೊನೆಯಲ್ಲಿ ಕುಡುಗೋಲಿನಂಥ ಒಂದು ಸಣ್ಣ ರೆಕ್ಕೆ. ಅದರ ಮಗ್ಗುಲಲ್ಲಿ ಇನ್ನೊಂದು ಸಣ್ಣ ಹೊಗೆ ಎದ್ದಿತು. ಮರಿ! ತಾಯಿಯ ಬೆನ್ನಿಗೆ ಅಂಟಿಕೊಂಡೇ ಏಳುತ್ತಿತ್ತು, ಅಂಟಿಕೊಂಡೇ ಇಳಿಯುತ್ತಿತ್ತು.

"ಉಸಿರ" ಎಂದ ಅಜ್ಜ ಪಿಸುದನಿಯಲ್ಲಿ. "ಎಮ್ಮಿ ಉಸಿರ ಇದು. ಹೊಳ್ಯಾಗಿಂದ ಎದ್ದಾಗ ಹಿಂಗ ಬಿಡತೈತಿ."

ತಾಯಿ ಬೆನ್ನು ಬಾಗಿಸಿ ಒಮ್ಮೆಲೇ ಇಳಿದುಹೋಯಿತು. ಮರಿ ಮೇಲೆಯೇ ಉಳಿಯಿತು. ಅಲ್ಲಲ್ಲೇ ಸುತ್ತುತ್ತಿತ್ತು, ಸಣ್ಣ ಸಣ್ಣ ಉಸಿರು ಬಿಡುತ್ತಿತ್ತು. ನಾವು ಕಾದೆವು. ಬಿಟ್ಟು ಬಂದ ಚಹಾ ಆರಿ ಕೆನೆಗಟ್ಟುವಷ್ಟು ಹೊತ್ತಾಯಿತು, ತಾಯಿ ಏಳಲಿಲ್ಲ. ನಾನು ಅಜ್ಜನ ಕಡೆ ನೋಡಿದರೆ ಅವನ ಮುಖ ಬಿಳಿಚಿಕೊಂಡಿತ್ತು. ಎಮ್ಮೆ ನೀರಲ್ಲಿ ಎಷ್ಟು ಹೊತ್ತು ಮುಳುಗಿರಬಲ್ಲದು ಎಂದು ಅವನಿಗೆ ಗೊತ್ತಿತ್ತು. ಆ ಹೊತ್ತು ಎಂದೋ ಮೀರಿತ್ತು.

"ಮುಳಗಿತು" ಎಂದ. "ಮಹಾದೇವಾ, ಮುಳಗಿತಲ್ಲೋ! ದೋಣಿ ತಗೀರಿ! ಕರಾ ಒಂದ ಉಳೀತು, ನಿಂತ ಏನ ನೋಡತಿ?"

"ಕಾಕಾರ, ಅದು..."

"ಹೋಯ್! ಬಾ! ಬಾ ಬಾ ಬಾ!" ಅಜ್ಜ ಎರಡೂ ಕೈ ಬಾಯಿಗೆ ಹಿಡಿದು ಕೂಗಿದ. ಸಂಜೆ ಹೊಳೆಯಿಂದ ಎಮ್ಮೆಗಳನ್ನು ಮೇಲೆ ಕರೆಯುವ ಕೂಗು ಅದು. ಕರೆವ್ವ ಮುಳುಗಿದ ದಿನವೂ ಹೀಗೇ ಕೂಗಿದ್ದ. ಕೂಗುತ್ತ ಬಂಡೆ ಇಳಿಯತೊಡಗಿದ. ನೀರು ಮೊಣಕಾಲಿಗೆ ಬಂತು. ಮಹಾದೇವ ಹಾರಿ ಅವನ ನಡು ಹಿಡಿದುಕೊಂಡ. ನಾನು ಅಳತೊಡಗಿದೆ. ಅಜ್ಜನೂ ಅಳುತ್ತಿದ್ದ, ಗಡ್ಡದಲ್ಲಿ ನೀರು ಇಳಿಯುತ್ತಿತ್ತು, ಅದು ಸಮುದ್ರದ್ದಲ್ಲ.

ಆಗ ನಾವು ಯಾರೂ ನೋಡದ ಕಡೆ, ಎಡಕ್ಕೆ ಬಹಳ ದೂರದಲ್ಲಿ, ಹೂಂಫ್ ಎಂದಿತು. ತಾಯಿ ಎದ್ದಿತ್ತು. ಮರಿ ಅತ್ತ ಹೊರಳಿ ನೆಟ್ಟಗೆ ಹೋಗಿ ಅದರ ಮಗ್ಗುಲು ಸೇರಿತು.

ಅಜ್ಜ ಬಂಡೆಯ ಮೇಲೆ ಕುಸಿದು ಕೂತ. ಮಹಾದೇವ ಇನ್ನೂ ಅವನ ನಡು ಬಿಟ್ಟಿರಲಿಲ್ಲ. ಅಜ್ಜ ಟವೆಲ್ಲಿನಿಂದ ಮುಖ ಒರೆಸಿ, ಗಂಟಲು ಸರಿ ಮಾಡಿಕೊಂಡ.

"ಉಸಿರ ನೋಡಿದೆ. ಕರಾ ನೋಡಿದೆ. ಆದ್ರ ಹಾಲಿನ ಮಾತ ನಾ ಒಪ್ಪಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕು ಅಂತಾರ. ಇದಂತೂ ಪ್ರತ್ಯಕ್ಷಾನೂ ಕಂಡಿಲ್ಲ."

"ನಾನೂ ಕಂಡಿಲ್ರಿ" ಎಂದ ಮಹಾದೇವ.

ಊರಿಗೆ ಬಂದು ಅಜ್ಜ ಹೇಳಿದ್ದು ಇಷ್ಟೇ: "ಹುಡುಗ ಆದೀತು. ಮೀನಿನ ಹಾಲ ನೋಡೂಣು." ಸುಮ್ಮತ್ತಿ ನನ್ನನ್ನು ಮಣೂಕದ ಶೆಡ್ಡಿಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಕೇಳಿದಳು. ಒಂದಕ್ಷರವೂ ಕೂಡಿಸದೆ ಹೇಳಿದೆ. 'ಆಕಿ ನನ್ನ ಒಂದ ಮಾತ ಕೇಳ್ಯಾಳ' ಎಂಬಲ್ಲಿಗೆ ಬಂದಾಗ ಅವಳು ಬಲೆಯ ಕಂಬ ಹಿಡಿದು ನಿಂತುಬಿಟ್ಟಳು. ಇನ್ನೊಮ್ಮೆ ಹೇಳು ಎಂದಳು. ಇನ್ನೊಮ್ಮೆ ಹೇಳಿದೆ.

ಮದುವೆಯಾಗಿ ಅವಳು ಆ ಬಂದರಿಗೆ ಹೋದಳು. ಮಹಾದೇವ ನನಗೆ ಮಾಮಾ ಆದ. ಅಲ್ಲಿಂದ ಮುಂದೆ ಪ್ರತಿ ವರ್ಷ ಮಣೂಕದ ಹಂಗಾಮಿನಲ್ಲಿ ಅಜ್ಜ ಅಳಿಯನಿಗೆ ಫೋನು ಮಾಡಿಸುತ್ತಿದ್ದ. ಅಪ್ಪನ ಹೆಸರು ಕೇಳುತ್ತಿರಲಿಲ್ಲ. ನೆಟ್ಟಗೆ ವಿಷಯಕ್ಕೆ ಬರುತ್ತಿದ್ದ.

"ಏನಪಾ, ಹಾಲ ಕುಡಸೂದು ನೋಡಿದಿ?"

"ಇನ್ನೂ ಇಲ್ರಿ ಮಾವಾರ."

"ಹೂಂ. ನೋಡಿದ್ರ ಹೇಳು."

ಅಷ್ಟೇ. ಫೋನು ಇಟ್ಟು ಅಜ್ಜ ದಿನವಿಡೀ ಖುಷಿಯಲ್ಲಿರುತ್ತಿದ್ದ.

ಅಜ್ಜ ಹಾಸಿಗೆ ಹಿಡಿದಾಗ ಸುಮ್ಮತ್ತಿ ಮೊದಲೇ ಬಂದಿದ್ದಳು. ಮಾಮಾ ಕಾರ್ಖಾನೆ ಬಿಟ್ಟು ಮಧ್ಯಾಹ್ನದ ಹೊತ್ತಿಗೆ ಬಂದ. ಅಂಗಳದಲ್ಲಿಯೇ ಅವನನ್ನು ತಡೆದು ಅವಳು ಅಂದಳು: "ಕೇಳೇ ಕೇಳತಾನ. ಈ ಸಲ ನೋಡೀನಿ ಅಂತ ಹೇಳಿಬಿಡ್ರಿ. ಸಮಾಧಾನದಿಂದ ಹೋಗಲಿ." ಮಾಮಾ ಚಪ್ಪಲಿ ಬಿಟ್ಟು ಒಳಗೆ ಹೋದ. ನಾನು ಅಜ್ಜನ ಕಾಲ ಬಳಿ ಇದ್ದೆ. ಅಜ್ಜ ಕಣ್ಣು ತೆರೆದ. ದನಿ ಬಹಳ ಸಣ್ಣದಾಗಿತ್ತು.

"ಭೇಷ್. ನೋಡಿದಂತಲ್ಲ? ಹಾಲ ಕುಡಸೂದು?"

ಮತ್ತೆ ಅದೇ 'ಭೇಷ್'! ಸುಮ್ಮತ್ತಿ ಬಾಗಿಲಲ್ಲಿ ಸೆರಗು ಬಾಯಿಗೊತ್ತಿಕೊಂಡಳು. ಮಾಮಾ ಅಜ್ಜನ ಕೈ ತನ್ನ ಎರಡೂ ಕೈಯಲ್ಲಿ ಹಿಡಿದ.

"ಇಲ್ರಿ ಮಾವಾರ" ಎಂದ. "ಇನ್ನೂ ನೋಡಿಲ್ಲ."

ಅಜ್ಜ ನಕ್ಕ. ಹಲ್ಲಿಲ್ಲದ ಬಾಯಿ ತುಂಬ ನಕ್ಕ. "ಸುಮ್ಮೀ" ಎಂದು ಮಗಳನ್ನು ಹತ್ತಿರ ಕರೆದ. "ಚಲೋ ಕಡೆ ಕೊಟ್ಟೇನವ್ವಾ ನಿನ್ನ."

ಈಗ ಸತ್ತಿಯಲ್ಲಿ ಎಲ್ಲರ ಕೈಯಲ್ಲೂ ದೊಡ್ಡ ಫೋನಿದೆ. ಹೊಳೆಗೆ ನೀರು ಬಂತೆಂದು ವಿಡಿಯೋ ಬರುತ್ತದೆ, ಹೋದ ವರ್ಷದ್ದೋ ಯಾವ ಊರಿನದೋ. ನೋಡಿ ಮುಂದಕ್ಕೆ ಕಳಿಸುತ್ತೇವೆ, ದಂಡೆಗೆ ಹೋಗುವುದಿಲ್ಲ. ಎಲ್ಲವನ್ನೂ ನಂಬುತ್ತೇವೆ, ಯಾರನ್ನೂ ನಂಬುವುದಿಲ್ಲ. ಅನುಮಾನ ಅಜ್ಜನಿಗಿಂತ ಹೆಚ್ಚಾಗಿದೆ, ಬಸ್ಸು ಹತ್ತಿ ಹೋಗಿ ನೋಡುವ ಕಾಲು ಮಾತ್ರ ಇಲ್ಲ. ಕೊರೋನಾ ಬಂದುಹೋದ ಮೇಲೆ ನನ್ನ ಮೂಗೂ ಮೊದಲಿನಂತಿಲ್ಲ. ಮಣೂಕ ಹುಳಿಯಾದರೆ ಈಗ ಎಲ್ಲರ ಹಾಗೆ ತಿಂದ ಮೇಲೆ ತಿಳಿಯುತ್ತದೆ.

ಹೋದ ಹಂಗಾಮಿನಲ್ಲಿ ಯಾರೋ ಒಂದು ವಿಡಿಯೋ ಕಳಿಸಿದರು. ಆಕಾಶದಿಂದ ತೆಗೆದದ್ದು. ನೀಲಿ ನೀರಿನಲ್ಲಿ ದೊಡ್ಡದೊಂದು ದೇವಮಾಸಾ, ಅದರ ಹೊಟ್ಟೆಯ ಕೆಳಗೆ ಮರಿ. ಮರಿಯ ಬಾಯ ಹತ್ತಿರ ನೀರಿನಲ್ಲಿ ಬಿಳಿಯದೇನೋ ಹರಡುತ್ತಿತ್ತು. ಉಸಿರು ಹಿಡಿದು ನೋಡಿದೆ. ಮಾಮಾನಿಗೆ ಕಳಿಸಿದೆ. ಸಂಜೆ ಅವನ ದನಿ ರೆಕಾರ್ಡಾಗಿ ಬಂತು. ಹಿಂದೆ ಅಲೆಯ ಸದ್ದು ಇತ್ತು, ಬಂಡೆಯ ಮೇಲೆ ಕೂತೇ ಮಾತಾಡಿದ್ದನೇನೋ.

"ನೋಡಿದೆ ಪಾರಿ. ಫೋನಿನ್ಯಾಗ ನೋಡಿದೆ. ಕಣ್ಣಿಲೆ ಇನ್ನೂ ನೋಡಿಲ್ಲ. ಮಾವಾರು ಕೇಳಿದ್ರ ಹಂಗ ಹೇಳತಿದ್ದೆ." ಆಮೇಲೆ ಅಂದ: "ಈಗ ನನ್ನ ಯಾರೂ ಏನೂ ಕೇಳೂದಿಲ್ಲ ನೋಡು."